ತೋಳ ಕರೆದ ಹೆಸರು

ತೋಳ ನನ್ನ ಹೆಸರು ಹಿಡಿದು ಕರೆದ ಸಂಜೆ ನಾನು ಗಿರಣಿಯಲ್ಲಿ ಜೋಳ ಬೀಸುತ್ತಿದ್ದೆ. ಮೋಟಾರಿನ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರಿಗೆ ಕೇಳಿಸಿತು. ಅವರೆಲ್ಲ ಒಮ್ಮೆಲೇ ನನ್ನ ಮುಖ ನೋಡಿದರು, ಆಮೇಲೆ ತಮ್ಮ ತಮ್ಮ ಡಬ್ಬಿಗಳನ್ನು ನೋಡಿಕೊಂಡರು. ನಾನು ಮೋಟಾರು ಆರಿಸಿದೆ. ಗುಡ್ಡದ ಕಡೆಯಿಂದ, ಬಾವಿಯೊಳಗೆ ಇಳಿದವರು ಯಾರೋ ಕೂಗಿದ ಹಾಗೆ, 'ಸೂ...ಗಮ್ಮಾ' ಎಂದು ಇನ್ನೊಮ್ಮೆ ಬಂತು. ಸಾಲಿನ ಮುಂದಿದ್ದವಳು, ಹಾಗಾದರೆ ನಾಳೆಯಿಂದ ಗಿರಣಿ ಬಂದ್ ಇರುತ್ತದೇನು ಎಂದು ಕೇಳಿದಳು. ನನ್ನ ಗಂಡ ಕಳಕಪ್ಪ ನಡೆಸುತ್ತಾನೆ ಎಂದೆ. ಅವಳಿಗೆ ಸಮಾಧಾನವಾಯಿತು. ಹಿಟ್ಟು ಮಾತ್ರ ಸಣ್ಣಗೆ ಬೀಸಲು ಹೇಳಿ ಹೋಗು ಎಂದಳು.

ನಮ್ಮ ಊರಿನ ತೋಳಗಳು ಊಕಾರ ಇರುವ ಹೆಸರುಗಳನ್ನು ಕರೆಯುತ್ತವೆ. ಕರೆಸಿಕೊಂಡವರು ಮೂರು ತಿಂಗಳು ಗುಡ್ಡದ ತೋಳಧಾಮದಲ್ಲಿ ಚಾಕರಿ ಮಾಡಬೇಕು. ಕರೆದ ತೋಳ ಅವರು ಬಂದು ಕೈಯಾರೆ ಹಾಕುವವರೆಗೆ ಒಂದು ತುಣುಕೂ ಮುಟ್ಟುವುದಿಲ್ಲ. ತೋಳ ಉಪವಾಸ ಬಿದ್ದು ಸತ್ತರೆ ಊರಿಗೆ ಕೆಟ್ಟ ಹೆಸರು. ಊರಿನ ಬಾಗಿಲಲ್ಲೇ 'ಸ್ವಯಂಸೇವಕರ ಊರಿಗೆ ಸ್ವಾಗತ' ಎಂಬ ದೊಡ್ಡ ಫಲಕವಿದೆ. ಆದ್ದರಿಂದ ಮರುದಿನ ಬೆಳಿಗ್ಗೆ ಧಾಮದ ಗುಮಾಸ್ತ ಅಡಿವೆಪ್ಪ ಸೈಕಲ್ಲಿನ ಮೇಲೆ ಬಂದು, ನಾನು ಯಾರ ಒತ್ತಾಯವೂ ಇಲ್ಲದೆ ಪ್ರಾಣಿಪ್ರೀತಿಯಿಂದ ಸೇವೆಗೆ ಬರುತ್ತಿದ್ದೇನೆ ಎಂಬ ಅರ್ಜಿಗೆ ನನ್ನ ರುಜು ತೆಗೆದುಕೊಂಡ. ಸಹಿ ಮಾಡದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಹಾಗೆ ಯಾರೂ ಇದುವರೆಗೆ ಕೇಳಿಲ್ಲ, ಎಲ್ಲರೂ ಪ್ರೀತಿಯಿಂದಲೇ ಬರುತ್ತಾರೆ ಎಂದ. ಅರ್ಜಿಯ ಮೇಲೆ ಹಿಂದಿನ ದಿನದ ತಾರೀಖು ಹಾಕಿಸಿದ. ಕರೆಯುವ ಮೊದಲೇ ಅರ್ಜಿ ಬಂದಿದ್ದರೆ ನೋಡುವವರಿಗೆ ಚಂದವಂತೆ.

ಕರೆಯಿಂದ ತಪ್ಪಿಸಿಕೊಳ್ಳಲು ಒಂದು ದಾರಿ ಇತ್ತು. ಹೆಸರು ಬದಲಿಸಿಕೊಳ್ಳುವುದು. ಅದಕ್ಕೆ ಹೆಸರು ಸುಧಾರಣಾ ಸಮಿತಿ ಎಂದು ಒಂದಿತ್ತು. ನನ್ನ ನೆನಪಿನಲ್ಲೇ ಭೂಪಾಲಪ್ಪನವರು ಬಸವಪ್ರಭುಗಳಾದರು, ಪೂರ್ಣಾನಂದ ಡಾಕ್ಟರು ಪರಮಾನಂದ ಡಾಕ್ಟರಾದರು. ದೊಡ್ಡ ಮನೆಗಳಲ್ಲಿ ಈಗ ಊಕಾರದ ಹೆಸರು ಹುಡುಕಿದರೂ ಸಿಗುವುದಿಲ್ಲ. ಅಲ್ಲಿನ ತಾಯಂದಿರು ತೊಟ್ಟಿಲ ಕಾರ್ಯಕ್ಕೆ ಮೊದಲೇ ಹೆಸರನ್ನು ಉದ್ದಕ್ಕೆ ಕೂಗಿ ಪರೀಕ್ಷೆ ಮಾಡುತ್ತಾರೆ. ನಮ್ಮಂಥವರ ಅರ್ಜಿಗಳನ್ನು ನೋಡಲು ಮಾತ್ರ ಸಮಿತಿಗೆ ಪುರಸೊತ್ತು ಸಿಗುತ್ತಿರಲಿಲ್ಲ. ತೋಳಧಾಮದ ಸಮಿತಿಯೂ ಅದೇ ಕಟ್ಟಡದಲ್ಲಿತ್ತು. ಎರಡಕ್ಕೂ ಅಧ್ಯಕ್ಷೆ ಸ್ಮಿತಾ ಮೇಡಂ. ಹೆಸರು ಬದಲಿಸುವುದೂ ಅವರ ಕೈಯಲ್ಲೇ, ಬದಲಿಸದೆ ಉಳಿದವರಿಂದ ಕೆಲಸ ತೆಗೆಯುವುದೂ ಅವರ ಕೈಯಲ್ಲೇ.

ನನ್ನ ಅರ್ಜಿ ಎರಡು ವರ್ಷದಿಂದ ಅಲ್ಲಿತ್ತು. ನನಗಾಗಿ ಅಲ್ಲ, ಮಗಳು ರೂಪಾಳಿಗಾಗಿ. ಅವಳು ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಾಳೆ. ಮೂರು ತಿಂಗಳು ತರಗತಿ ತಪ್ಪಿದರೆ ವರ್ಷವೇ ಹೋಗುತ್ತದೆ. ಪ್ರತಿ ಸಂಜೆ ಗುಡ್ಡದ ಕಡೆಯಿಂದ ಊಳು ಎದ್ದಾಗ ನನ್ನ ಜೀವ ಕೈಯಲ್ಲಿರುತ್ತಿತ್ತು. ಆ ದಿನ ನನ್ನ ಹೆಸರೇ ಬಂದಾಗ, ನಿಜ ಹೇಳುತ್ತೇನೆ, ಒಂದು ಗಳಿಗೆ ಹಗುರವಾಯಿತು.

ತೋಳಧಾಮದಲ್ಲಿ ನಾವು ಒಂಬತ್ತು ಜನ ಇದ್ದೆವು. ನಮಗೆಲ್ಲ ಹಿರಿಯ ಯಮನೂರಪ್ಪ ಕಾಕಾ. ನಲವತ್ತು ವರ್ಷ ಕುರಿ ಕಾಯ್ದವನು. ತೋಳಗಳು ಅವನ ಹಿಂಡಿನಿಂದ ಎಷ್ಟೋ ಮರಿಗಳನ್ನು ಎತ್ತಿದ್ದವು. ಅವನನ್ನು ಏಳು ಸಲ ಕರೆದಿದ್ದವು. ಏಳನೆಯ ಸಲದ ಮೇಲೆ ಅವನು ಮನೆಗೆ ಹೋಗುವುದನ್ನೇ ಬಿಟ್ಟು ಕಂಬಳಿ ತಂದು ಅಲ್ಲೇ ಹಾಸಿದ್ದ. ನಮ್ಮ ಕೆಲಸ ಮಾಂಸ ಕತ್ತರಿಸುವುದು, ನೀರಿನ ಗುಂಡಿ ತೊಳೆದು ತುಂಬುವುದು, ಬೇಲಿಯ ಕೆಳಗೆ ತೋಡಿದ ಬಿಲ ಮುಚ್ಚುವುದು, ಕುರುಚಲು ಕಡಿಯುವುದು. ತೋಳಗಳು ನಮ್ಮ ಕಡೆ ಹೆಚ್ಚು ಗಮನ ಕೊಡುತ್ತಿರಲಿಲ್ಲ. ಕರೆಯುವಾಗ ಇದ್ದ ಸಲಿಗೆ ಬಂದ ಮೇಲೆ ಇರುತ್ತಿರಲಿಲ್ಲ. ನನ್ನನ್ನು ಕರೆದ ಗಂಡು ತೋಳ ನಾನು ಹಾಕಿದ್ದನ್ನು ತಿಂದು, ಬೆನ್ನು ತಿರುಗಿಸಿ ಮಲಗುತ್ತಿತ್ತು.

ಭಾನುವಾರ ಬೇರೆ ಸ್ವಯಂಸೇವಕರು ಬರುತ್ತಿದ್ದರು. ಅವರನ್ನು ಯಾವ ತೋಳವೂ ಕರೆದಿರಲಿಲ್ಲ. ಹಸಿರು ಟೋಪಿ ಹಾಕಿಕೊಂಡು ಬಂದು, ಬೇಲಿಯಿಂದ ಮೂವತ್ತು ಮಾರು ದೂರ ನಿಂತು ಫೋಟೋ ತೆಗೆಸಿಕೊಂಡು, ನಾವು ತುಂಬಿಟ್ಟ ಬಕೆಟ್ಟನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿ, ಪ್ರಮಾಣಪತ್ರ ತೆಗೆದುಕೊಂಡು ಊಟಕ್ಕೆ ಮನೆಗೆ ಹೋಗುತ್ತಿದ್ದರು. ನಮಗೆ ಪ್ರಮಾಣಪತ್ರ ಇರಲಿಲ್ಲ; ನಮ್ಮದು ಕೆಲಸ, ಅವರದು ಸೇವೆ. ಒಂದು ಭಾನುವಾರ ಪರಮಾನಂದ ಡಾಕ್ಟರು ಯಮನೂರಪ್ಪ ಕಾಕಾನನ್ನು ನಿಲ್ಲಿಸಿಕೊಂಡು, ತೋಳವೆಂದರೆ ಗುಂಪಿನಲ್ಲಿ ಬದುಕುವ ಪ್ರಾಣಿ, ಅದನ್ನು ದ್ವೇಷಿಸಬಾರದು, ಅದರಿಂದ ನಾವು ಕುಟುಂಬ ಪ್ರೀತಿ ಕಲಿಯಬೇಕು ಎಂದು ಅರ್ಧ ತಾಸು ತಿಳಿಹೇಳಿದರು. ಕಾಕಾ ಕೈಕಟ್ಟಿ ಪೂರ್ತಿ ಕೇಳಿದ. "ಹೌದೇನ್ರಿ, ನನಗ ಗೊತ್ತಿರಲಿಲ್ಲ ನೋಡ್ರಿ" ಎಂದ. ಡಾಕ್ಟರು ಸಂತೋಷದಿಂದ ಅದನ್ನೂ ಒಂದು ಫೋಟೋ ತೆಗೆಸಿದರು.

ನಾನು ಹೋಗಿ ತಿಂಗಳಾಗಿತ್ತು. ಒಂದು ಸಂಜೆ ಧಾಮದ ಎಲ್ಲಕ್ಕಿಂತ ಮುದಿಯಾದ ಹೆಣ್ಣು ತೋಳ ಬಂಡೆ ಹತ್ತಿ ನಿಂತು ಕರೆಯಿತು. ಅದು ವರ್ಷಗಳಿಂದ ಬಾಯಿ ತೆರೆದಿರಲಿಲ್ಲ. 'ನೂ...ರಂದವ್ವಾ' ಎಂದಿತು. ಅಡಿವೆಪ್ಪ ಆ ರಾತ್ರಿಯೇ ದಫ್ತರ ತೆಗೆದ. ಊರಿನಲ್ಲಿ ಮೂವರು ನೂರಂದವ್ವಂದಿರು ಸಿಕ್ಕರು. ಒಬ್ಬಳು ಹಾಸಿಗೆ ಹಿಡಿದ ಮುದುಕಿ, ಅವಳನ್ನು ಮಂಚದ ಸಮೇತ ಹೊತ್ತು ತಂದರು. ಇನ್ನೊಬ್ಬಳು ಬಾಣಂತಿ. ಮೂರನೆಯವಳಿಗೆ ಆರು ವರ್ಷ. ಅವಳ ಕೈಯಲ್ಲಿ ಮಾಂಸದ ತುಣುಕು ಕೊಟ್ಟಾಗ ಅವಳು ಅದನ್ನು ಬಿಸಾಕಿ ಅತ್ತಳು. ತೋಳ ಮೂವರನ್ನೂ ಮೂಸಿ ನೋಡಿ ಮುಖ ತಿರುಗಿಸಿತು. ಮೂರು ದಿನ ಹೋಯಿತು, ನಾಲ್ಕು ದಿನ ಹೋಯಿತು. ಸಂಜೆ ಸಂಜೆ ಅದು ಬಂಡೆ ಹತ್ತುವುದು, ಕರೆಯುವುದು, ಇಳಿದು ಮಲಗುವುದು. ಐದನೆಯ ದಿನ ಬಂಡೆ ಹತ್ತಲಾಗದೆ ಕೆಳಗೇ ನಿಂತು ಕರೆಯಿತು.

ಅದು ಯಾರನ್ನು ಕರೆಯುತ್ತಿದೆ ಎಂದು ನನಗೆ ಮೊದಲ ಸಂಜೆಯೇ ಗೊತ್ತಾಗಿತ್ತು. ಸ್ಮಿತಾ ಮೇಡಂ ಮದುವೆಗೆ ಮೊದಲು ನೂರಂದವ್ವ. ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳ ತಾಯಿ ಶಾಲೆಯ ಗೇಟಿನಲ್ಲಿ ಹುರಿಗಡಲೆ ಮಾರುತ್ತಿದ್ದಳು. ಸಂಜೆಯಾದರೆ ಆ ಹುಡುಗಿ ಕಿವಿಗೆ ಅರಳೆ ತುರುಕಿಕೊಂಡು ನಮ್ಮ ಮನೆಗೆ ಓಡಿ ಬರುತ್ತಿದ್ದಳು. ಊಳು ನಿಲ್ಲುವವರೆಗೆ ನನ್ನ ಕೈ ಹಿಡಿದು ಕೂರುತ್ತಿದ್ದಳು. ನನ್ನ ಹೆಸರಿನಲ್ಲೂ ಊಕಾರ ಇತ್ತು, ಆದರೆ ಹೆದರುವ ಕೆಲಸವನ್ನು ನಾವು ಅವಳಿಗೆ ಬಿಟ್ಟಿದ್ದೆವು. ಆಮೇಲೆ ದೊಡ್ಡ ಮನೆಗೆ ಸೊಸೆಯಾಗಿ ಹೋದಳು. ಹೆಸರು ಬದಲಾಯಿತು. ದಾರಿಯಲ್ಲಿ ಎದುರಾದಾಗ ನಾನು ಅವಳನ್ನು ಮೇಡಂ ಎನ್ನುವುದಕ್ಕೆ ಶುರು ಮಾಡಿದ್ದು ಯಾವಾಗ ಎಂದು ನೆನಪಿಲ್ಲ. ಅವಳು ಬೇಡ ಎಂದದ್ದೂ ನೆನಪಿಲ್ಲ.

ನನಗೊಬ್ಬಳಿಗೇ ಗೊತ್ತಿತ್ತು ಎಂದರೆ ಸುಳ್ಳಾಗುತ್ತದೆ. ನಮ್ಮ ವಯಸ್ಸಿನ ಅರ್ಧ ಊರಿಗೆ ಗೊತ್ತಿತ್ತು. ಆದರೆ ಸಮಿತಿಯಲ್ಲಿ ಕೂತವರಿಗೆ ಅದನ್ನು ಒಪ್ಪುವುದು ಕಷ್ಟವಿತ್ತು. ಕಾಗದದ ಮೇಲೆ ಬದಲಾದ ಹೆಸರನ್ನು ತೋಳ ಒಪ್ಪುವುದಿಲ್ಲವಾದರೆ, ನಾಳೆ ಭೂಪಾಲಪ್ಪನನ್ನೂ ಕರೆದೀತು, ಪೂರ್ಣಾನಂದನನ್ನೂ ಕರೆದೀತು. ಆದ್ದರಿಂದ ಅವರು, ನೂರಂದವ್ವ ಎಂಬವಳು ಬೇರೆ ಊರಿನವಳಿರಬೇಕು, ತೋಳಕ್ಕೆ ವಯಸ್ಸಾಗಿದೆ, ಕಿವಿ ಮಂದವಾಗಿದೆ ಎಂದರು. ಕರೆಯುವುದಕ್ಕೆ ಕಿವಿ ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಅದೇ ವಾರ ಮೇಲಿನ ಕಚೇರಿಯಿಂದ ತಪಾಸಣೆಗೆ ಬರುವವರಿದ್ದರು. ಊರಿನ ಧಾಮವನ್ನು ಮಾದರಿ ಧಾಮವೆಂದು ಸಾರುವುದು ಅವರ ವರದಿಯ ಮೇಲೆ ನಿಂತಿತ್ತು. ಅವರ ಮುಂದೆ ತೋಳ ಸತ್ತು ಬಿದ್ದರೆ ಆಗುವಂತಿರಲಿಲ್ಲ.

ಆರನೆಯ ದಿನ ಮಧ್ಯಾಹ್ನ ನಾನು ಮೇಡಂ ಮನೆಗೆ ಹೋದೆ. ಅವರು ನನ್ನನ್ನು ಒಳಗೆ ಕರೆದು ಕೂರಿಸಿ, ಚಹಾ ತರಿಸಿ, ಬಾಗಿಲು ತಾವೇ ಹಾಕಿ ಬಂದರು. ನಾನು ತೋಳದ ಸ್ಥಿತಿ ಹೇಳಿದೆ. ಪಕ್ಕೆಲುಬು ಎಣಿಸುವ ಹಾಗಾಗಿದೆ, ನೀರನ್ನೂ ಬಿಟ್ಟಿದೆ ಎಂದೆ. ಅವರು ಚಹಾದ ಕಪ್ಪು ನೋಡುತ್ತ ಕೇಳಿದರು. ಆಮೇಲೆ ರೂಪಾ ಹೇಗಿದ್ದಾಳೆ, ಯಾವ ವರ್ಷ, ಮುಂದೆ ಏನು ಮಾಡುತ್ತಾಳೆ ಎಂದು ವಿಚಾರಿಸಿದರು. ಅವಳ ಅರ್ಜಿ ನನ್ನ ಮೇಜಿನ ಮೇಲೇ ಇದೆ, ಇವತ್ತೇ ಮುಗಿಸಿಬಿಡೋಣ ಎಂದರು.

"ನೀವು ಬಂದು ಒಂದು ತುಣುಕು ಹಾಕಿದ್ರ ಸಾಕಿತ್ತು" ಎಂದೆ.

"ಯಾವ ನೀವು, ಸೂಗಮ್ಮ? ನಾನು ಸ್ಮಿತಾ. ತೋಳ ಕರೆಯುತ್ತಿರೋದು ನೂರಂದವ್ವನನ್ನ. ನಾವು ಆ ನೂರಂದವ್ವನನ್ನ ಹುಡುಕಿದ್ದೇವೆ. ನಾಳೆ ಬರುತ್ತಾಳೆ" ಎಂದರು. ಅವರ ಮಾತಿನಲ್ಲಿ ನಮ್ಮ ಕಡೆಯ ಒಂದು ಎಳೆಯೂ ಉಳಿದಿರಲಿಲ್ಲ.

ನಾನು ಎದ್ದು ಬರಬೇಕಿತ್ತು. ಬರಲಿಲ್ಲ. ಅವರು ಅಡಿವೆಪ್ಪನನ್ನು ಕರೆಸಿ, ಆದೇಶ ಬರೆಸಿ, ರುಜು ಮಾಡಿ, ಅವನು ಅದನ್ನು ಕಚೇರಿಗೆ ಒಯ್ದು ಓಡುತ್ತ ಮರಳಿ ತಂದ ಮೇಲೆ ಮಡಚಿ ನನ್ನ ಕೈಗೆ ಕೊಡುವವರೆಗೂ ಕೂತಿದ್ದೆ. ಚಹಾ ಕೂಡ ಪೂರ್ತಿ ಕುಡಿದೆ. ದಾರಿಯಲ್ಲಿ ಬೇವಿನ ಮರದ ಕೆಳಗೆ ನಿಂತು ಕಾಗದ ಬಿಡಿಸಿ ಓದಿದೆ. ಒಂದೇ ಆದೇಶ, ಎರಡು ಸಾಲು. ಮೊದಲನೆಯದು, ಕಳಕಪ್ಪನ ಮಗಳು ರೂಪಾ ಇನ್ನು ಮುಂದೆ ರಶ್ಮಿ. ಎರಡನೆಯದು, ಸಮಿತಿ ಕಚೇರಿಯ ಕಸಗುಡಿಸುವ ದುರುಗವ್ವ ಇನ್ನು ಮುಂದೆ ನೂರಂದವ್ವ. ಎರಡನೆಯ ಸಾಲಿನ ಪಕ್ಕದಲ್ಲಿ ಹೆಬ್ಬೆಟ್ಟಿತ್ತು. ಮಸಿ ಹಸಿ ಇದ್ದಾಗಲೇ ಮಡಚಿದ್ದರಿಂದ ಅದರ ಅಚ್ಚು ನನ್ನ ಮಗಳ ಹೆಸರಿನ ಮೇಲೂ ಮೂಡಿತ್ತು. ಆ ಕಾಗದವನ್ನು ಮನೆಗೆ ಒಯ್ದು ಕಡಲೆಬೇಳೆ ಡಬ್ಬಿಯ ತಳದಲ್ಲಿಟ್ಟೆ. ರೂಪಾಳಿಗೆ ಪರೀಕ್ಷೆ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ದುರುಗವ್ವನನ್ನು ತಂದರು. ಹೊಸ ಸೀರೆ ಉಡಿಸಿದ್ದರು. ಅವಳಿಗೆ ಐವತ್ತರ ಮೇಲೆ ವಯಸ್ಸು; ಗಟ್ಟಿ ಮೈ, ಕಡಿಮೆ ಮಾತು. ಅಡಿವೆಪ್ಪ ಅವಳನ್ನು ನೂರಂದವ್ವ, ನೂರಂದವ್ವ ಎಂದು ಕರೆದು ರೂಢಿ ಮಾಡಿಸುತ್ತಿದ್ದ. ಅವಳು ಪ್ರತಿ ಸಲವೂ ಹಿಂದೆ ತಿರುಗಿ ಯಾರು ಬಂದರು ಎಂದು ನೋಡುತ್ತಿದ್ದಳು. ಅವಳು ಹಾಕಿದ ಮಾಂಸವನ್ನು ತೋಳ ನೋಡಲೂ ಇಲ್ಲ. ಅವಳು ಹೊರಗೆ ಬಂದು ಕೈ ತೊಳೆದುಕೊಂಡು, ತನ್ನ ಹೆಸರು ಯಾವಾಗ ವಾಪಸು ಕೊಡುತ್ತೀರಿ ಎಂದು ಕೇಳಿದಳು. ತಪಾಸಣೆ ಮುಗಿಯಲಿ ಎಂದ ಅಡಿವೆಪ್ಪ. ಅವಳ ಪಡಿತರ ಚೀಟಿ, ಗುರುತಿನ ಚೀಟಿ ಎಲ್ಲವನ್ನೂ ತಿದ್ದಿ ಆಗಿತ್ತು. ನಮ್ಮ ಊರಿನ ಕಚೇರಿ ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನಾ ಸತ್ರ ಯಾವ ಹೆಸರಿಗೆ ಅಳ್ತಾರವ್ವ ನನ್ನ ಮಕ್ಕಳು?" ಎಂದು ಅವಳು ನನ್ನನ್ನು ಕೇಳಿದಳು. ಸುಮ್ಮನೆ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಆ ಆದೇಶದ ಮೊದಲನೆಯ ಸಾಲು ನನ್ನದು ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಬಕೆಟ್ಟು ಎತ್ತಿಕೊಂಡು ಗುಂಡಿಯ ಕಡೆ ಹೋದೆ.

ಎಂಟನೆಯ ದಿನ ತಪಾಸಣೆಯವರು ಬಂದರು. ಮೂವರಿದ್ದರು. ಬಂದವರನ್ನು ಮೊದಲು ಕಚೇರಿಯ ಕೋಣೆಗೆ ಕರೆದೊಯ್ದು ಉಪ್ಪಿಟ್ಟು, ಶಿರಾ ಬಡಿಸಿದರು. ಹೊರಗೆ ಬೇಲಿಯ ಹತ್ತಿರ ಶಾಮಿಯಾನ ಹಾಕಿತ್ತು. ಹಸಿರು ಟೋಪಿಯವರೆಲ್ಲ ನೆರೆದಿದ್ದರು. ಸ್ಮಿತಾ ಮೇಡಂ ನಮ್ಮ ಕಡೆ ಬೆನ್ನು ಮಾಡಿ ನಿಂತು, ಭಾಷಣದ ಹಾಳೆ ನೋಡುತ್ತ ತುಟಿ ಆಡಿಸುತ್ತಿದ್ದರು. ತೋಳ ಬೇಲಿಯ ಒಳಗೆ ಬಂಡೆಯ ಬುಡದಲ್ಲಿ ಬಿದ್ದಿತ್ತು. ಅದು ಕಾಣದ ಹಾಗೆ ಮುಂದೆ ಹೂವಿನ ಕುಂಡಗಳನ್ನು ಜೋಡಿಸಲು ನಮಗೆ ಹೇಳಿದ್ದರು. ಯಮನೂರಪ್ಪ ಕಾಕಾ ನನ್ನ ಪಕ್ಕದಲ್ಲಿ ಕುಂಡ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಂಡು, "ಇವತ್ತಿನ ಸಂಜಿ ದಾಟೂದಿಲ್ಲ ತಂಗಿ ಅದು" ಎಂದ. ಅವನ ಕಣ್ಣಲ್ಲಿ ನೀರಿತ್ತು. ಮರಿಗಳನ್ನು ಕಳೆದುಕೊಂಡವನು ಅವನು.

ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ಅವಳನ್ನು ಕರೆಯುತ್ತಿದ್ದ ಹಾಗೆಯೇ, ಅದೇ ರಾಗದಲ್ಲಿ, "ನೂರಂದೀ" ಎಂದು ಕರೆದೆ.

ಅವರು ತಿರುಗಿದರು. ಪೂರ್ತಿ ತಿರುಗಿದರು, ಮುಖದ ಮೇಲೆ ಹದಿಮೂರು ವರ್ಷದ ಹುಡುಗಿಯ ನಗು ಅರ್ಧ ಬಂದಿತ್ತು. ಆಮೇಲೆ ತಾವು ತಿರುಗಿದ್ದು ಅವರಿಗೆ ಗೊತ್ತಾಯಿತು. ಟೋಪಿಯವರೆಲ್ಲ ನೋಡುತ್ತಿದ್ದರು. ಬೇಲಿಯ ಒಳಗೆ ತೋಳವೂ ತಲೆ ಎತ್ತಿತ್ತು. ಬಸವಪ್ರಭುಗಳು ಕೆಮ್ಮಿದರು. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ, ಏಕೆಂದರೆ ಇದಕ್ಕೆ ಯಾವ ಸಮಿತಿಯೂ ಇರಲಿಲ್ಲ.

ಮೇಡಂ ಹಾಳೆಯನ್ನು ಮಡಚಿ ಡಾಕ್ಟರ ಕೈಗೆ ಕೊಟ್ಟರು. ತಮ್ಮ ಹೆಸರು ಎಲ್ಲೂ ಬರಬಾರದು ಎಂದು ಅಡಿವೆಪ್ಪನಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ರೇಷ್ಮೆ ಸೆರಗನ್ನು ತಲೆಯ ಮೇಲೆ ಹಣೆ ಮುಚ್ಚುವ ಹಾಗೆ ಎಳೆದುಕೊಂಡು, ನಾನು ಎತ್ತಿ ಕೊಟ್ಟ ಮಾಂಸದ ಬೋಗುಣಿ ತೆಗೆದುಕೊಂಡು ಒಳಗೆ ಹೋದರು. ಮೊದಲ ತುಣುಕು ನೆಲಕ್ಕೆ ಬಿತ್ತು. ಎರಡನೆಯದನ್ನು ತೋಳ ಅವರ ಬೆರಳುಗಳಿಂದಲೇ ತೆಗೆದುಕೊಂಡಿತು, ಹಲ್ಲು ತಾಕದ ಹಾಗೆ.

ಅಷ್ಟರಲ್ಲಿ ತಪಾಸಣೆಯವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ದೂರದಿಂದ ಆ ದೃಶ್ಯ ನೋಡಿ ನಿಂತುಬಿಟ್ಟರು. ಅವರಲ್ಲಿ ಹಿರಿಯರಾದವರು, ಆ ತಾಯಿ ಯಾರು ಎಂದು ಕೇಳಿದರು. ಅಡಿವೆಪ್ಪ ಒಂದು ಕ್ಷಣವೂ ತಡಮಾಡದೆ, ಸ್ವಯಂಸೇವಕಿ ಸರ್, ನೂರಂದವ್ವ ಅಂತ ಎಂದ. ಅವರು ಬರೆದುಕೊಂಡರು. ಅಧ್ಯಕ್ಷರೆಲ್ಲಿ ಎಂದು ಕೇಳಿದಾಗ, ತುರ್ತು ಕೆಲಸದ ಮೇಲೆ ಹೋಗಿದ್ದಾರೆ ಎಂದು ಸಮಿತಿಯವರು ಹೇಳಿದರು. ಡಾಕ್ಟರು ಮೈಕು ಹಿಡಿದು ಅಧ್ಯಕ್ಷರ ಭಾಷಣ ಓದಿದರು. ಬಡವ ಬಲ್ಲಿದನೆಂಬ ಭೇದವಿಲ್ಲದೆ ಇಡೀ ಊರು ತೋಳಗಳ ಸೇವೆಗೆ ನಿಂತಿದೆ ಎಂದು ಅದರಲ್ಲಿತ್ತು. ಬೇಲಿಯ ಒಳಗೆ, ಸೆರಗು ಮುಚ್ಚಿಕೊಂಡು, ರಕ್ತ ಅಂಟಿದ ಬೋಗುಣಿ ಹಿಡಿದು ಅಧ್ಯಕ್ಷರು ತಮ್ಮ ಭಾಷಣವನ್ನು ತಾವೇ ಕೇಳುತ್ತ ನಿಂತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅಭ್ಯಾಸಬಲದಿಂದ ಒಂದು ಸಲ ತಲೆ ಬಾಗಿಸಿದರು.

ಆಮೇಲಿನ ಮೂರು ತಿಂಗಳು ಅವರು ಪ್ರತಿದಿನ ಮಧ್ಯಾಹ್ನ ಬಂದರು. ಬರಲೇಬೇಕಿತ್ತು, ಆ ತೋಳ ಬೇರೆ ಯಾರಿಂದಲೂ ತಿನ್ನುತ್ತಿರಲಿಲ್ಲ. ಸೆರಗು ಮುಚ್ಚಿ ಬರುವವರು ಯಾರೆಂದು ಇಡೀ ಊರಿಗೆ ಗೊತ್ತಿತ್ತು; ಇಡೀ ಊರು ಗೊತ್ತಿಲ್ಲದವರ ಹಾಗಿತ್ತು. ನನ್ನ ಪಾಳಿ ಮುಗಿದ ಮೇಲೂ ನಾನು ಮಧ್ಯಾಹ್ನ ಒಂದು ಸುತ್ತು ಹೋಗಿ ಬರುತ್ತಿದ್ದೆ. ಅವರಿಗೆ ಮಾಂಸ ಕತ್ತರಿಸಲು ಬರುತ್ತಿರಲಿಲ್ಲ. ಎರಡು ಸಲ ಬೆರಳು ಕೊಯ್ದುಕೊಂಡರು. ನಾನು ಕಲಿಸಿದೆ. ನನ್ನ ಮೇಲೆ ಸಿಟ್ಟಿದ್ದದ್ದು ನಿಜ, ಬಹಳ ದಿನ ಮಾತಾಡಲಿಲ್ಲ. ಒಂದು ದಿನ ತೋಳ ತಿಂದು ಮುಗಿಸಿ ಅವರ ಕಾಲ ಹತ್ತಿರವೇ ಮಲಗಿದಾಗ, ನನ್ನ ಕಡೆ ನೋಡದೆ ಹೇಳಿದರು.

"ಹೆಸರು ಬದಲಿ ಮಾಡಿಕೊಂಡ ಮ್ಯಾಲೂ ನಾ ಕಿವ್ಯಾಗ ಅರಳಿ ಇಟ್ಕೋತಿದ್ದೆ, ಸೂಗಿ. ಮೂವತ್ತು ವರ್ಷ. ನನ್ನ ಗಂಡಗೂ ಗೊತ್ತಿಲ್ಲ."

ಅಷ್ಟು ವರ್ಷದ ಮೇಲೆ ಅವಳ ಬಾಯಲ್ಲಿ ನಮ್ಮ ಮಾತು ಕೇಳಿದೆ. ನಾವು ಮತ್ತೆ ಗೆಳತಿಯರಾದೆವು ಎಂದು ಹೇಳಲು ಆಸೆಯಾಗುತ್ತದೆ. ಆಗಲಿಲ್ಲ. ಕೈ ತೊಳೆದುಕೊಂಡು ಗೇಟು ದಾಟಿದ ಕೂಡಲೇ ಅವರು ಮೇಡಂ ಆಗುತ್ತಿದ್ದರು, ನಾನು ಬದಿಗೆ ಸರಿದು ದಾರಿ ಬಿಡುತ್ತಿದ್ದೆ. ದುರುಗವ್ವನ ಹೆಸರಿನ ಮಾತು ಎತ್ತಿದೆ. ಒಮ್ಮೆ ನೀಡಿದ ಆದೇಶವನ್ನು ರದ್ದು ಮಾಡಿದರೆ ಹಳೆಯ ಆದೇಶಗಳ ಮೇಲೆಲ್ಲ ಪ್ರಶ್ನೆ ಏಳುತ್ತದೆ ಎಂದರು.

ಮೂರು ತಿಂಗಳು ಮುಗಿಯುವ ಹೊತ್ತಿಗೆ ಮೇಲಿನ ಕಚೇರಿಯಿಂದ ಪತ್ರ ಬಂತು. ನಮ್ಮ ಧಾಮ ಮಾದರಿ ಧಾಮವಾಗಿತ್ತು. ಜೊತೆಗೆ, ಸಾಯಲಿದ್ದ ತೋಳವನ್ನು ಬದುಕಿಸಿದ ಶ್ರೀಮತಿ ನೂರಂದವ್ವ ಅವರಿಗೆ ಆ ವರ್ಷದ ಶ್ರೇಷ್ಠ ಸ್ವಯಂಸೇವಕಿ ಎಂಬ ಪ್ರಶಸ್ತಿ. ಪ್ರಶಸ್ತಿ ಕೊಡಲು ತಪಾಸಣೆಯ ಹಿರಿಯರೇ ಬರುವವರಿದ್ದರು. ಸಮಿತಿ ಮೂರು ಸಲ ಸಭೆ ಸೇರಿತು. ಅಡಿವೆಪ್ಪ ದಫ್ತರ ನೋಡಿದ. ಹಾಸಿಗೆ ಹಿಡಿದಿದ್ದ ಮುದುಕಿ ತೀರಿಕೊಂಡಿದ್ದಳು. ಬಾಣಂತಿ ಗಂಡನ ಊರಿಗೆ ಹೋಗಿದ್ದಳು. ಹುಡುಗಿಗೆ ಆರು ವರ್ಷ. ಉಳಿದವಳು ಕಚೇರಿಯ ಕಸಗುಡಿಸುವ ನೂರಂದವ್ವ ಒಬ್ಬಳೇ. ಆ ಪ್ರಶಸ್ತಿ ತಮ್ಮದು ಎನ್ನಲು ಮೇಡಂಗೆ ಬಾಯಿ ಇರಲಿಲ್ಲ.

ಸಮಾರಂಭದ ದಿನ ರೂಪಾ ರಜೆಗೆಂದು ಬಂದಿದ್ದಳು. ನನ್ನ ಪಕ್ಕದಲ್ಲೇ ಕೂತಿದ್ದಳು. ವೇದಿಕೆಯ ಮೇಲಿಂದ ಹಿರಿಯರು 'ಶ್ರೀಮತಿ ನೂರಂದವ್ವ' ಎಂದು ಕರೆದಾಗ, ಅಧ್ಯಕ್ಷರ ಕುರ್ಚಿಯಲ್ಲಿದ್ದ ಸ್ಮಿತಾ ಮೇಡಂ ಅರ್ಧ ಎದ್ದು, ಸೀರೆ ಸರಿಮಾಡಿಕೊಂಡವರ ಹಾಗೆ ಕೂತರು. ದುರುಗವ್ವ ಹಿಂದಿನ ಸಾಲಿನಲ್ಲಿ ಎಲ್ಲರಂತೆ ಅತ್ತಿತ್ತ ನೋಡುತ್ತಿದ್ದಳು. ಅಡಿವೆಪ್ಪ ಓಡಿ ಹೋಗಿ ಅವಳ ಮೊಣಕೈ ಹಿಡಿದು ಎಬ್ಬಿಸಿದ. ಶಾಲು ಹೊದಿಸಿದರು, ಹಾರ ಹಾಕಿದರು, ಫಲಕ ಕೊಟ್ಟರು. ದೂರದಿಂದ ಸೆರಗು ಮುಚ್ಚಿದ ಹೆಂಗಸನ್ನಷ್ಟೇ ನೋಡಿದ್ದ ಹಿರಿಯರು ಅವಳ ಕೈ ಹಿಡಿದು, ತಾಯಿ, ಎರಡು ಮಾತು ಆಡಿ ಎಂದರು. ಆಡದಿರಲಿ ಎಂದು ಸಮಿತಿಯವರೆಲ್ಲ ಚಪ್ಪಾಳೆ ತಟ್ಟತೊಡಗಿದರು. ಅವಳು ಚಪ್ಪಾಳೆ ಮುಗಿಯುವವರೆಗೆ ಕಾಯ್ದಳು.

"ನನ್ನ ಹೆಸರು ದುರುಗವ್ವ ರೀ. ನಾ ತ್ವಾಳಕ್ಕ ಒಂದ ಸಲ ಹಾಕೀನಿ, ಅದು ತಿನ್ನಲಿಲ್ಲ. ಈ ನೂರಂದವ್ವ ಅನ್ನೂ ಹೆಸರು ಇವರದು. ಇದನ್ನ ಇವರಿಗೆ ಕೊಡ್ರಿ, ನಂದು ನನಗ ಕೊಡ್ರಿ" ಎಂದು ಶಾಲು ತೆಗೆದು, ಒಗೆದ ಬಟ್ಟೆ ಮಡಚುವ ಹಾಗೆ ನೀಟಾಗಿ ಮಡಚಿ, ಮೇಡಂ ತೊಡೆಯ ಮೇಲಿಟ್ಟಳು.

ಹಿರಿಯರು ಮೇಡಂ ಕಡೆ ನೋಡಿದರು. ಮೇಡಂ ಶಾಲು ನೋಡಿದರು. ಆಮೇಲೆ, ಆದೇಶ ರದ್ದು ಮಾಡಿ ಎಂದು ಅಡಿವೆಪ್ಪನಿಗೆ ಹೇಳಿದರು. ಮೈಕು ಹತ್ತಿರವಿದ್ದುದರಿಂದ ಅದು ಎಲ್ಲರಿಗೂ ಕೇಳಿಸಿತು. ಅಡಿವೆಪ್ಪ ಕಡತ ತೆಗೆದು ಕನ್ನಡಕ ಏರಿಸಿದ. ಒಂದೇ ಆದೇಶದಲ್ಲಿ ಎರಡು ಹೆಸರುಗಳಿವೆ, ರದ್ದಾದರೆ ಎರಡೂ ರದ್ದು, ಮೊದಲನೆಯವರ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು ಎಂದು ಹೇಳಿ, ಆ ಮೊದಲನೆಯ ಸಾಲನ್ನು ಗಟ್ಟಿಯಾಗಿ ಓದಿದ.

ದುರುಗವ್ವ ವೇದಿಕೆಯ ಮೇಲಿಂದ ನನ್ನನ್ನು ನೋಡಿದಳು. ರೂಪಾ ನನ್ನನ್ನು ನೋಡಿದಳು. ತಾನು ಯಾವಾಗಿನಿಂದ ರಶ್ಮಿ ಎಂದು ಕೇಳಿದಳು. ನಾಲ್ಕು ತಿಂಗಳಿಂದ ಎಂದೆ. ದುರುಗವ್ವನ ಹೆಸರು ಹೋದ ದಿನವೇ ಅಲ್ಲವೇ ಎಂದಳು. ಹೌದೆಂದೆ. ವೇದಿಕೆಗೆ ಹೋಗಿ ಕಡತದ ಮುಂದೆ ಕೂತೆ. ಇಷ್ಟು ಹೊತ್ತು ಬೇರೆಯವರನ್ನು ನೋಡಿ ನಗುತ್ತ ಕಥೆ ಹೇಳಿದ ನಾನು ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ತಕ್ಷಣ ರುಜು ಮಾಡಲಿಲ್ಲ. ಪೆನ್ನು ಇಲ್ಲ ಎಂದೆ. ಅಡಿವೆಪ್ಪನ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು, ಅವನೂ ಕೊಡಲಿಲ್ಲ. ಸಮಿತಿಯವರು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು. ಆ ಒಂದು ಗಳಿಗೆ ನಾನು ಅವರಲ್ಲಿ ಒಬ್ಬಳಾಗಿದ್ದೆ.

ರೂಪಾ ವೇದಿಕೆ ಹತ್ತಿ ಬಂದಳು. "ಪೆನ್ನು ಇಲ್ಲೈತಿ ಅವ್ವಾ" ಎಂದು ತನ್ನದನ್ನು ತೆಗೆದು, ಮುಚ್ಚಳ ಬಿಚ್ಚಿ ನನ್ನ ಕೈಯಲ್ಲಿಟ್ಟಳು. ನಾನು ರುಜು ಮಾಡಿದೆ. ಅಕ್ಷರ ಸೊಟ್ಟಗಾಯಿತು.

ದುರುಗವ್ವ ಮೆಟ್ಟಿಲಿಳಿದು, ಜನರ ನಡುವೆ ದಾರಿ ಮಾಡಿಕೊಂಡು ಗೇಟಿನ ಕಡೆ ನಡೆದಳು. ನಾನೂ ರೂಪಾಳೂ ಅವಳ ಹಿಂದೆಯೇ ಹೋದೆವು. ಕ್ಷಮೆ ಕೇಳಬೇಕೆಂದು ನನಗಿತ್ತು. ಹಿಂದಿನಿಂದ ಅಡಿವೆಪ್ಪ ರದ್ದು ಪತ್ರದ ನಕಲು ಹಿಡಿದು, ದುರುಗವ್ವ, ಏ ದುರುಗವ್ವ ಎಂದು ಕೂಗುತ್ತ ಓಡಿ ಬರುತ್ತಿದ್ದ. ಅವಳು ನಿಲ್ಲಲಿಲ್ಲ. ಕೇಳಿಸಿಲ್ಲವೇನೋ ಎಂದು ನಾನು ಅವಳ ಹೆಗಲು ಮುಟ್ಟಿ, ನಿನ್ನನ್ನೇ ಕರೆಯುತ್ತಿದ್ದಾನೆ ಎಂದೆ.

"ಗೊತ್ತೈತಿ" ಎಂದಳು ದುರುಗವ್ವ, ಹೆಜ್ಜೆ ಸಾವಕಾಶ ಮಾಡದೆ. "ಇನ್ನೊಂದೀಟು ಕರೀಲಿ."